ಬಾಗಿಲು ಹಾಕಿಕೊಂಡ ಮಳೆಗಾಲ

ಸ್ಪಂದನಾ, ಚಿರಂತ್,

ಹೋದ ತಿಂಗಳು ನಾವು ಮೂವರೂ ಮದುವೆಗೆಂದು ಗುಂಡ್ಲುಪೇಟೆಯಲ್ಲಿ ಚಾಮರಾಜನಗರದ ಬಸ್ಸು ಹತ್ತಿದ್ದೆವಲ್ಲ, ಅವತ್ತು ತೆರಕಣಾಂಬಿಯ ತಿರುವಿನಲ್ಲಿ ಡ್ರೈವರು ಉದ್ದಕ್ಕೆ ಹಾರನ್ ಹೊಡೆದಾಗ ನಾನು ಸೀಟಿನಿಂದ ಅರ್ಧ ಎದ್ದುಬಿಟ್ಟೆ. ನನ್ನ ಎರಡು ಕೈಗಳೂ ತಾವಾಗಿಯೇ ಮುಂದಕ್ಕೆ ಚಾಚಿಕೊಂಡವು. ಚಿರಂತ್ ನಕ್ಕುಬಿಟ್ಟ. "ಅಜ್ಜಿ ನಿದ್ದೇಲಿ ಮುದ್ದೆ ಕಟ್ತಾವ್ರೆ" ಎಂದ. ಸ್ಪಂದನಾ ನಗಲಿಲ್ಲ. ಏನಾಯಿತು ಅಜ್ಜಿ ಎಂದು ಕೇಳಿದಳು. ಬಸ್ಸಿನ ತುಂಬ ಜನ ಇದ್ದರು. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ನನಗೆ ಇವತ್ತಿಗೂ ಆಗುವುದಿಲ್ಲ. ಏನಿಲ್ಲ ಮಗ ಎಂದು ಸೆರಗು ಸರಿಮಾಡಿಕೊಂಡು ಕುಳಿತೆ.

ಆ ಪ್ರಶ್ನೆಗೆ ಈಗ ಉತ್ತರ ಬರೆಯುತ್ತಿದ್ದೇನೆ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ತಪ್ಪಿದ್ದರೆ ತಿದ್ದಿಕೊಳ್ಳಿ.

ಆ ತಿರುವಿನ ಪಕ್ಕದಲ್ಲೇ ನಮ್ಮ ಮನೆ ಇತ್ತು. ಈಗ ಅಲ್ಲಿ ಗೊಬ್ಬರದ ಅಂಗಡಿ ಇದೆ. ನಿಮ್ಮ ಅಮ್ಮ ರೇಖಾ ಹತ್ತನೇ ಕ್ಲಾಸಿಗೆ ಕಾಲಿಟ್ಟ ವರ್ಷ, ಎರಡು ಸಾವಿರದ ಆರನೇ ಇಸವಿಯ ಮಳೆಗಾಲವನ್ನು ನಾನು ಆ ಮನೆಯಲ್ಲಿ ಬಸ್ಸಿನ ಹಾರನ್ ಕೇಳುತ್ತಾ ಕಳೆದೆ.

ನಿಮ್ಮ ತಾತ ಹುಣಸೆ ವ್ಯಾಪಾರ ಮಾಡುತ್ತಿದ್ದರು. ಹಂಗಳದ ಕಡೆ ಹೊಲದ ಬದುಗಳಲ್ಲಿ ಇರುವ ಮರಗಳನ್ನು ಗುತ್ತಿಗೆ ಹಿಡಿದು, ತಾವೇ ಹತ್ತಿ, ಉದ್ದ ಗಳದಲ್ಲಿ ಬಡಿದು ಹಣ್ಣು ಉದುರಿಸುವರು. ಕೂಲಿಯವರನ್ನು ಹತ್ತಿಸುತ್ತಿರಲಿಲ್ಲ. ಕೊಂಬೆಯ ಗುಣ ತನಗೆ ಗೊತ್ತು ಎನ್ನುವರು. ಆ ವರ್ಷ ಬೇಸಿಗೆಯ ಆರಂಭದಲ್ಲಿ ಒಂದು ಕೊಂಬೆ ಮುರಿದು ತಾತ ಕೆಳಕ್ಕೆ ಬಿದ್ದರು. ಕೆಳಗಿದ್ದವರು ಪ್ರೀತಿಯಿಂದಲೇ ಓಡಿಬಂದರು. ಒಬ್ಬರು ಕಂಕುಳಿಗೆ ಕೈ ಹಾಕಿ, ಒಬ್ಬರು ಮೊಣಕಾಲು ಹಿಡಿದು, ಮೂಟೆಯ ಹಾಗೆ ಮಡಚಿ ಆಟೋದಲ್ಲಿ ಕೂರಿಸಿ ತಂದರು. ಎತ್ತರದಿಂದ ಬಿದ್ದವರು ಕಾಲು ಗೊತ್ತಾಗುತ್ತಿಲ್ಲ ಎಂದರೆ ಅವರನ್ನು ಬಗ್ಗಿಸಬಾರದು, ಕೂರಿಸಬಾರದು. ಯಾವುದಾದರೂ ಮನೆಯ ಬಾಗಿಲನ್ನೇ ಕಿತ್ತು ತಂದು, ತಲೆ ಬೆನ್ನು ಒಂದೇ ನೇರಕ್ಕೆ ಇರುವಂತೆ ಮರದ ದಿಮ್ಮಿಯ ಹಾಗೆ ಅದರ ಮೇಲೆ ಹೊರಳಿಸಿ, ಕಟ್ಟಿ ಒಯ್ಯಬೇಕು ಎಂದು ಮೈಸೂರಿನ ಆಸ್ಪತ್ರೆಯಲ್ಲಿ ಆಮೇಲೆ ಹೇಳಿದರು. ನಮ್ಮಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ನೀವು ಕೇಳಿಸಿಕೊಳ್ಳಿ.

ಮೈಸೂರಿನಲ್ಲಿ ಬೆನ್ನಿಗೆ ಆಪರೇಷನ್ ಆಯಿತು. ಹೊಕ್ಕಳಿನಿಂದ ಕೆಳಗೆ ತಾತನಿಗೆ ಏನೂ ತಿಳಿಯುತ್ತಿರಲಿಲ್ಲ. ಅಲ್ಲಿದ್ದ ಒಬ್ಬ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು, ಮೂತ್ರಕ್ಕೆ ಪೈಪು ಹಾಕಿ ತೆಗೆಯುವುದು, ಬೆಳಿಗ್ಗೆ ಬಿಸಿನೀರು ಕುಡಿಸಿ ಎಡ ಮಗ್ಗುಲಿಗೆ ಮಲಗಿಸಿ ಹೊರಕಡೆ ಮಾಡಿಸುವುದು, ಎಲ್ಲವನ್ನೂ ಕೈ ಹಿಡಿದು ಕಲಿಸಿದರು. ನಾನು ಮುಖ ತಿರುಗಿಸಿಕೊಂಡು ನಿಂತರೆ ಗದರಿದರು. ನಾಚಿಕೆಯನ್ನು ಆಸ್ಪತ್ರೆಯ ಗೇಟಿನಲ್ಲೇ ಬಿಟ್ಟು ಮನೆಗೆ ಹೋಗಿ ಎಂದರು. ಹೊರಡುವ ದಿನ ಇನ್ನೊಂದು ಮಾತು ಹೇಳಿದರು. "ಕಾಲು ತಾನೇ ಜಿಗಿಯೋಕೆ ಶುರುವಾಗುತ್ತೆ. ನಡೀತಾರೆ ಅಂತ ಆಸೆ ಪಡಬೇಡಿ. ದಿನಾ ಜಿಗಿಯೋದಕ್ಕಿಂತ ಜಾಸ್ತಿ ಜಿಗಿದರೆ ಮೈಯಲ್ಲಿ ಎಲ್ಲೋ ತೊಂದರೆ ಇದೆ ಅಂತ ಅರ್ಥ. ಕಾಲುಗುರು ಮಾಂಸಕ್ಕೆ ಚುಚ್ಚಿದೆಯಾ ನೋಡಿ, ಪೈಪು ನೋಡಿ, ಬೆನ್ನು ನೋಡಿ." ಜೊತೆಗೆ ಬಂದಿದ್ದ ಗಂಡಸರು ಟೀ ಕುಡಿಯಲು ಹೋಗಿದ್ದರು. ಆ ಮಾತು ಕೇಳಿದವಳು ನಾನೊಬ್ಬಳೇ.

ಮನೆಗೆ ಬಂದ ಮೇಲೆ ನಡುಮನೆಯಲ್ಲಿ ಮಂಚ ಹಾಕಿದೆವು. ಅದರ ಕಾಲುಗಳಿಗೆ ಇಟ್ಟಿಗೆ ಕೊಟ್ಟು ನನ್ನ ಸೊಂಟದ ಎತ್ತರಕ್ಕೆ ತಂದೆವು. ಬಗ್ಗಿ ಬಗ್ಗಿ ಎತ್ತಿದರೆ ನೋಡಿಕೊಳ್ಳುವವರ ಬೆನ್ನೂ ಹೋಗುತ್ತದೆ. ತೊಲೆಯಿಂದ ಬಾವಿಯ ಹಗ್ಗ ಇಳಿಬಿಟ್ಟು ತುದಿಗೆ ಗಟ್ಟಿ ಕೋಲು ಕಟ್ಟಿದೆವು. ಅದನ್ನು ಹಿಡಿದು ತಾತ ಎದೆಯವರೆಗೆ ತಾವೇ ಏಳುವರು. ಮರ ಹತ್ತಿದ ತೋಳುಗಳು ಅವು. ಸೊಂಟದ ಕೆಳಗೆ ನಾಲ್ಕು ಮಡಿಕೆ ಮಾಡಿದ ದುಪ್ಪಟಿ ಹಾಸಿ, ಅದರ ಅಂಚು ಹಿಡಿದು ನಾನು ಹೊರಳಿಸುತ್ತಿದ್ದೆ. ಮೈಯನ್ನು ಎಳೆಯಬಾರದು, ಎತ್ತಬೇಕು. ಎಳೆದರೆ ಚರ್ಮ ಸುಲಿಯುತ್ತದೆ. ಮಲಗಿಸುವ ಮೊದಲು ಹಾಸಿಗೆಯ ಮೇಲೆ ಒಮ್ಮೆ ಅಂಗೈ ಆಡಿಸಬೇಕು. ಹುಣಸೆ ವ್ಯಾಪಾರದ ಮನೆ, ಎಲ್ಲೆಲ್ಲೂ ಬೀಜ. ಒಂದು ಹುಣಸೆ ಬೀಜ ಬೆನ್ನಿನ ಕೆಳಗೆ ಉಳಿದರೆ ನಮಗೆ ಕೂಡಲೇ ಚುಚ್ಚುತ್ತದೆ. ಅವರಿಗೆ ಅದು ಗಾಯವಾದ ಮೇಲೂ ತಿಳಿಯದು. ಬಿಸಿ ಲೋಟವನ್ನು ತೊಡೆಯ ಮೇಲೆ ಇಡಬಾರದು. ಚಳಿ ಎಂದು ಕೆಂಡದ ಹತ್ತಿರ ಕಾಲು ಚಾಚಿಸಬಾರದು. ಇವನ್ನೆಲ್ಲ ದಿನವೂ ನೆನಪಿಡಬೇಕಿತ್ತು.

ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು, ಅದಕ್ಕೆ ಹೊತ್ತು ನೋಡಬೇಕಲ್ಲ. ಗಡಿಯಾರ ನಡುಮನೆಯಲ್ಲಿತ್ತು, ನಾನು ಅಡುಗೆಮನೆಯಲ್ಲೋ ಹಿತ್ತಲಲ್ಲೋ ಇರುತ್ತಿದ್ದೆ. ಬಸ್ಸಿನ ಹಾರನ್ ಹಿತ್ತಲಿನವರೆಗೂ ಕೇಳುತ್ತಿತ್ತು. ಗುಂಡ್ಲುಪೇಟೆ ಕಡೆಯಿಂದ ಬಂದರೆ ಎಡಕ್ಕೆ, ಚಾಮರಾಜನಗರದ ಕಡೆಯಿಂದ ಬಂದರೆ ಬಲಕ್ಕೆ, ಮಧ್ಯದ ಪ್ರೈವೇಟ್ ಬಸ್ಸುಗಳು ಲೆಕ್ಕಕ್ಕಿಲ್ಲ ಎಂದು ನಾವಿಬ್ಬರೂ ಗೊತ್ತು ಮಾಡಿಕೊಂಡೆವು. ತಾತ ತಮಾಷೆ ಮಾಡುವರು: "ಸರ್ಕಾರಿ ಬಸ್ಸು ತಿರುಗ್ದಂಗ ತಿರುಗ್ತಾವ್ನಿ. ಟಿಕೀಟ್ ಕೇಳೋರೊಬ್ರು ಇಲ್ಲ."

ಹೀಗೆ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ನೋಡಲು ಬರುವವರು ಶುರುವಾದರು.

ನಮ್ಮ ಕಡೆ ಒಬ್ಬರು ಹಾಸಿಗೆ ಹಿಡಿದರೆ ನಂಟರು, ನಂಟರ ನಂಟರು, ಒಂದು ಸಲ ವ್ಯಾಪಾರ ಮಾಡಿದವರು, ಎಲ್ಲರೂ ಬಂದು ನೋಡಬೇಕು. ಬರದಿದ್ದರೆ ತಪ್ಪು. ಬಂದವರು ಬಾಳೆಹಣ್ಣು ಇಟ್ಟು, ಮಂಚದ ಅಂಚಿನಲ್ಲಿ ಕೂತು, ಊಟದ ಹೊತ್ತು ದಾಟುವವರೆಗೆ ಇರಬೇಕು. ಹಿರಿಯರು ಬಂದಾಗ ಮನೆಯವನು ಮಲಗಿಕೊಂಡೇ ಇರುವುದು ನಮ್ಮಲ್ಲಿ ಇಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು ಕೇಳಿದರೆ ಸಾಕು, ತಾತ ಹಗ್ಗ ಹಿಡಿದು ಏಳುವರು. ಬೆನ್ನಿಗೆ ದಿಂಬು ಕೊಡು ಎನ್ನುವರು. ಬಂದವರು ಇರುವಷ್ಟು ಹೊತ್ತೂ ಒರಗಿಕೊಂಡೇ ಇರುವರು. ಮೈ ಸ್ವಲ್ಪ ಸ್ವಲ್ಪವೇ ಕೆಳಕ್ಕೆ ಜಾರುತ್ತಾ, ಭಾರವೆಲ್ಲ ಸೊಂಟದ ಕೆಳಗಿನ ಮೂಳೆಯ ಮೇಲೆ ಬೀಳುತ್ತಿತ್ತು. ಹೊರಗೆ ಬಸ್ಸಿನ ಹಾರನ್ ಕೇಳುವುದು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ತಾತನ ಮುಖ ನೋಡುವುದು. ಅವರು ಬೇಡ ಎಂದು ಕಣ್ಣಲ್ಲೇ ಹೇಳುವುದು. ನೀವೆಲ್ಲ ಆಚೆ ಹೋಗಿ, ಇವರ ಬಟ್ಟೆ ಸರಿಸಿ ಹೊರಳಿಸಬೇಕು, ಪೈಪು ಹಾಕಬೇಕು ಎಂದು ತುಂಬಿದ ನಡುಮನೆಯಲ್ಲಿ ಒಬ್ಬ ಹೆಂಗಸು ಹೇಗೆ ಹೇಳುತ್ತಾಳೆ?

ಆಷಾಢದಲ್ಲಿ ಒಂದು ಬೆಳಿಗ್ಗೆ ತಾತನ ಬಲಗಾಲು ಜಿಗಿಯಿತು. ದುಪ್ಪಟಿಯ ಕೆಳಗೆ ಮೊಣಕಾಲು ಮಡಚಿಕೊಂಡು, ನಡುಗಿ, ಮತ್ತೆ ಚಾಚಿತು. ಪಕ್ಕದಲ್ಲಿ ಒಣ ಅವರೆಕಾಳು ಆರಿಸುತ್ತಿದ್ದ ನಮ್ಮ ಅತ್ತೆಯ, ಅಂದರೆ ತಾತನ ಅವ್ವನ, ಕೈಯಿಂದ ಮೊರ ಬಿತ್ತು. "ಮಗ್ನ ಕಾಲ್ಗ ಜೀವ ಬಂತು ಕಣವ್ವ" ಎಂದು ಬೀದಿಗೆ ಓಡಿದರು.

ಸಿಸ್ಟರ್ ಹೇಳಿದ್ದನ್ನು ನಾನು ಅವತ್ತೇ ಇಬ್ಬರಿಗೂ ಹೇಳಿದೆ. ಅತ್ತೆ, ಕಣ್ಣಲ್ಲಿ ಕಾಣೋದು ದೊಡ್ಡದೋ ಸಿಸ್ಟರ್ ಮಾತು ದೊಡ್ಡದೋ ಎಂದರು. ತಾತ ತಮ್ಮ ಕಾಲನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, "ಆ ಸಿಸ್ಟರ್ಗ ನನ್ ಕಾಲು ಏನ್ ಗೊತ್ತು ಪುಟ್ತಾಯಿ?" ಎಂದರು. ಬಿದ್ದ ಮೇಲೆ ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನಾನು ಅವರ ಕಾಲಿನ ಮೇಲೆ ದುಪ್ಪಟಿ ಸರಿಮಾಡಿ ಎದ್ದುಹೋದೆ.

ಸುದ್ದಿ ಬಸ್ಸು ಹತ್ತಿ ಹೋಯಿತು. ಮೊದಲು ಬಂದು ಹೋದವರೇ ಮತ್ತೆ ಬಂದರು. ಕಾಲು ಜಿಗಿಯುವುದನ್ನು ನೋಡಿಯೇ ಹೋಗಬೇಕೆಂದು ಕಾದು ಕುಳಿತರು. ಜಿಗಿದರೆ ಕೈಮುಗಿದರು. ಹಂಗಳದ ಒಬ್ಬ ಮುದುಕ, ಮರ ಹತ್ತೋ ಕಾಲು ಕಣ್ಲಾ, ಮಂಚದಲ್ಲಿ ಸುಮ್ಕಿದ್ದಾದಾ ಎಂದು ನಗಿಸಿದ. ಜನ ಹೆಚ್ಚಿದಷ್ಟೂ ತಾತ ಒರಗಿ ಕೂತಿರುವ ಹೊತ್ತು ಹೆಚ್ಚಿತು. ಕೂತಷ್ಟೂ ಕಾಲು ಹೆಚ್ಚು ಜಿಗಿಯಿತು. ಜಿಗಿದಷ್ಟೂ ಜನ ಬಂದರು.

ಉಮ್ಮತ್ತೂರಿನಿಂದ ನಮ್ಮ ಬಾವ ಬಂದರು. ತಾತನ ಅಣ್ಣ. ಊರಿನ ನ್ಯಾಯ ಹೇಳುವ ಯಜಮಾನರು, ಗಂಟಲು ದೊಡ್ಡದು. ಬಾವನ ಎದುರಿಗೆ ನಾನು ಅಲ್ಲಿಯವರೆಗೆ ಒಂದು ಸಲವೂ ನಿಂತವಳಲ್ಲ. ಅವರಿಗೆ ಏನಾದರೂ ಹೇಳಬೇಕಿದ್ದರೆ ಬಾಗಿಲ ಹಿಂದೆ ನಿಂತು, ಸೆರಗು ಹೊದ್ದು, ಒಂದೆರಡು ಮಾತು ಆಡುವುದು. ತಮ್ಮನ ಹೆಂಡತಿ ಹಾಗೆಯೇ ಇರಬೇಕಿತ್ತು. ಬಾವ ತಮ್ಮನ ಕಾಲು ಜಿಗಿಯುವುದನ್ನು ನೋಡಿ ಟವಲಿನಲ್ಲಿ ಕಣ್ಣು ಒರೆಸಿಕೊಂಡರು. ಶ್ರಾವಣದ ಮೊದಲ ಸೋಮವಾರ ಕೊಳ್ಳೇಗಾಲದ ಕಡೆಯಿಂದ ಎಣ್ಣೆ ತಿಕ್ಕುವವನನ್ನು ಕರೆತರುವುದು, ಬಿಸಿ ಮರಳಿನ ಗಂಟಿನಲ್ಲಿ ಸೊಂಟಕ್ಕೆ ಶಾಖ ಕೊಡುವುದು, ಆಮೇಲೆ ಇಬ್ಬರು ಕಂಕುಳಿಗೆ ಕೈಕೊಟ್ಟು ನಿಲ್ಲಿಸಿಯೇಬಿಡುವುದು ಎಂದು ಗೊತ್ತುಮಾಡಿದರು. ತಾತ ಚಿಕ್ಕ ಹುಡುಗನ ಹಾಗೆ ತಲೆಯಾಡಿಸಿದರು.

ಸಿಸ್ಟರ್ ಹೇಳಿದ್ದನ್ನು ಒಂದೊಂದಾಗಿ ನೋಡಿದೆ. ಉಗುರು ನೋಡಿದೆ, ಚೆನ್ನಾಗಿತ್ತು. ಪೈಪು ಕುದಿಸಿ ಹಾಕುತ್ತಿದ್ದೆ, ಮೂತ್ರ ತಿಳಿಯಾಗಿತ್ತು. ಬೆನ್ನು ನೋಡಲು ಬೆಳಕಿನಲ್ಲಿ ಅವಕಾಶವೇ ಇರಲಿಲ್ಲ. ಬೆಳಗಿನ ಕೆಲಸ ನಸುಕಿನ ಕತ್ತಲಲ್ಲೇ ಮುಗಿಯುತ್ತಿತ್ತು, ಜನ ಹೋಗುವಷ್ಟರಲ್ಲಿ ಮತ್ತೆ ಕತ್ತಲಾಗುತ್ತಿತ್ತು, ಕರೆಂಟು ಹೋಗುತ್ತಿತ್ತು. ಕಡೆಗೆ ಆ ಸೋಮವಾರದ ಹಿಂದಿನ ಶುಕ್ರವಾರ ಜೋರು ಮಳೆಗೆ ಯಾರೂ ಬರಲಿಲ್ಲ. ನಾನು ರೇಖಾಳ ಟಾರ್ಚು ಹಿಡಿದು ಪಂಚೆ ಸರಿಸಿದೆ. ಸೊಂಟದ ಕೆಳಗಿನ ಮೂಳೆಯ ಮೇಲೆ ಅರಿಸಿನ ಮೆತ್ತಿಕೊಂಡಿತ್ತು. ಅತ್ತೆ ಒಂದು ವಾರದ ಹಿಂದೆಯೇ ಅಲ್ಲಿ ಕೆಂಪಗಾಗಿದ್ದನ್ನು ಕಂಡು, ಜೀವ ಬರುವಾಗ ಮೈ ಕಾಯುತ್ತದೆ ಎಂದುಕೊಂಡು ಹಚ್ಚಿದ್ದರಂತೆ. ಅರಿಸಿನ ತೊಳೆದೆ. ಸುತ್ತಲೂ ಕೆಂಪು. ಬೆರಳಲ್ಲಿ ಒತ್ತಿ ಬಿಟ್ಟರೆ ಕೆಂಪು ಬಿಳಿಚಬೇಕು, ಬಿಳಿಚದಿದ್ದರೆ ಕೆಟ್ಟದ್ದು ಎಂದು ಸಿಸ್ಟರ್ ತೋರಿಸಿಕೊಟ್ಟಿದ್ದರು. ಬಿಳಿಚಲಿಲ್ಲ. ನಡುವೆ ಕಪ್ಪಗಿತ್ತು. ಅದರ ಅಂಚು ಬಿಟ್ಟುಕೊಂಡು ಒಳಗೆ ಗುಳಿ ಕಾಣುತ್ತಿತ್ತು.

ತಾತನಿಗೆ ಹೇಳಿದೆ. ಅವರು ಸಿಟ್ಟಾದರು. ಸೋಮವಾರ ಕಳೆಯುವವರೆಗೆ ಯಾರಿಗೂ ಹೇಳಬೇಡ ಎಂದರು. ನೋವೇ ಇಲ್ಲ, ಅದೆಂಥ ಹುಣ್ಣು ಎಂದರು. ಅವರ ಹಣೆ ಮುಟ್ಟಿದೆ. ಬಿಸಿಯಾಗಿತ್ತು.

ಮಾರನೆಯ ದಿನ ರೇಖಾಳನ್ನು ಸ್ಕೂಲಿಗೆ ಕಳಿಸದೆ ಮನೆಯಲ್ಲಿ ಬಿಟ್ಟು ಒಬ್ಬಳೇ ಗುಂಡ್ಲುಪೇಟೆಗೆ ಹೋದೆ. ಅಲ್ಲಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಲೀಲಾ ಎಂಬ ಮಲಯಾಳಿ ಸಿಸ್ಟರ್ ಇದ್ದರು, ಬತ್ತೇರಿ ಕಡೆಯವರು. ಸರದಿ ಕಾಯುತ್ತಾ ಕೂತಿದ್ದ ಗಂಡಸರ ನಡುವೆ ನನಗೆ ಬಾಯಿ ಬರಲಿಲ್ಲ. ಅವರೇ ನನ್ನ ಮುಖ ನೋಡಿ ಒಳಗೆ ಕರೆದುಕೊಂಡರು. ಕೇಳಿದ ಮೇಲೆ ಡಾಕ್ಟರಿಗೆ ಹೇಳಿ, ಸಾಮಾನು ತೆಗೆದುಕೊಂಡು ನನ್ನ ಜೊತೆಗೇ ಬಸ್ಸು ಹತ್ತಿದರು. ಮನೆಯಲ್ಲಿ ಹತ್ತಿ ಸುತ್ತಿದ ಕಡ್ಡಿಯಿಂದ ಗುಳಿಯ ಆಳ ನೋಡಿದರು. ಕಪ್ಪನೆಯ ಚರ್ಮ ಬಿಡಿಸಿ ತೆಗೆದರು. ತಾತ ಗೋಡೆಯ ಕಡೆ ಮುಖ ಮಾಡಿಕೊಂಡು, ಹುಣಸೆ ಧಾರಣೆಯ ಮಾತಾಡುತ್ತಲೇ ಇದ್ದರು. ಅವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಕತ್ತರಿ ಆಡುವುದನ್ನು ನೋಡುತ್ತಿದ್ದ ನಾನು ಮಂಚದ ಕಾಲು ಹಿಡಿದುಕೊಂಡಿದ್ದೆ.

ಆಚೆ ಜಗಲಿಯಲ್ಲಿ ಸಿಸ್ಟರ್ ಹೇಳಿದರು: "ಎಲುಬಿಗೆ ಇನ್ನು ಸ್ವಲ್ಪವೇ ಇದೆ ಅಮ್ಮಾ. ಎಲುಬು ಮುಟ್ಟಿದರೆ ನನ್ನ ಕೈಯಲ್ಲಿ ಇಲ್ಲ, ಇಲ್ಲಿನ ಡಾಕ್ಟರ ಕೈಯಲ್ಲೂ ಇಲ್ಲ. ಮೈಸೂರಿಗೆ ಹೋಗ್ತಾರೆ. ಆಮೇಲೆ ವಾಪಸ್ ಬರ್ತಾರೆ ಅಂತ ನಾನು ಹೇಳೋಲ್ಲ." ಇನ್ನು ಮೇಲೆ ಬೋರಲು ಮಲಗಬೇಕು, ಆಗದಿದ್ದಾಗ ಮಗ್ಗುಲು, ಆ ಜಾಗದ ಮೇಲೆ ಒಂದು ನಿಮಿಷವೂ ಭಾರ ಬೀಳಬಾರದು. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆಯಬೇಕು, ಅರಿಸಿನ ಬೇಡ, ಯಾವ ಪುಡಿಯೂ ಬೇಡ. ಮೊಟ್ಟೆ, ಬೇಳೆ, ಹುರುಳಿ ತಿನ್ನಿಸಬೇಕು. ಪಕ್ಕದ ಮನೆಯವರು ಕೊಟ್ಟಿದ್ದ ಗಾಳಿ ತುಂಬಿದ ಟ್ಯೂಬಿನ ಉಂಗುರವನ್ನು ಅವರೇ ಎತ್ತಿ ಆಚೆ ಹಾಕಿದರು. ಅದರ ಮೇಲೆ ಕೂರಿಸಿದರೆ ಸುತ್ತ ಒತ್ತಿ, ನಡುವಿನ ಚರ್ಮಕ್ಕೆ ರಕ್ತವೇ ಹೋಗುವುದಿಲ್ಲವಂತೆ. ಜ್ವರದ ಮಾತ್ರೆ ಕೊಟ್ಟರು. ಸೋಮವಾರದ ವಿಷಯ ನಾನು ಹೇಳಿದಾಗ ಅವರು ಛತ್ರಿ ಬಿಡಿಸುತ್ತಿದ್ದವರು ನಿಂತುಬಿಟ್ಟರು. ಕೂರಿಸಲೂಬೇಡಿ, ಮರಳು ಮುಟ್ಟಿಸಲೂಬೇಡಿ ಎಂದರು. ನಾನು ಹೇಗೆ ತಡೆಯಲಿ ಎಂದು ಕೇಳಿದೆ. ಅದಕ್ಕೆ ಅವರ ಹತ್ತಿರ ಔಷಧಿ ಇರಲಿಲ್ಲ.

ಸೋಮವಾರ ಬೆಳಿಗ್ಗೆ ತಾತ ಬೋರಲು ಮಲಗಲು ಒಪ್ಪಿದರು, ಅಣ್ಣ ಬರುವವರೆಗೆ ಮಾತ್ರ ಎಂದು. ಕಾಲುಗಳು ಸುಮ್ಮನಿರಲಿಲ್ಲ. ಮಂಚವೇ ಅದುರುತ್ತಿತ್ತು. ಅತ್ತೆ ಹೊಸ್ತಿಲಿಗೆ ನೀರು ಹಾಕಿ, ತೆಂಗಿನಕಾಯಿ ತೆಗೆದಿಟ್ಟು, ಮಗನಿಗೆಂದು ತೊಳೆದ ಪಂಚೆ ಮಡಚಿಟ್ಟಿದ್ದರು. ನಿಂತಾಗ ಉಡಿಸಲು. ಹೊರಗೆ ಮಳೆ ಹನಿಯುತ್ತಿತ್ತು. ತಿರುವಿನಲ್ಲಿ ಜೀಪು ನಿಂತ ಸದ್ದು ಕೇಳಿತು. ಬಾವನ ಗಂಟಲು, ಅದರ ಹಿಂದೆ ಬಹಳ ಗಂಟಲುಗಳು.

ನಾನು ಹೋಗಿ ಮುಂಬಾಗಿಲು ಹಾಕಿದೆ. ಅಗುಳಿ ಎಳೆದೆ.

"ಏನ್ಲೇ ಮಾಡ್ತಿದ್ದಿಯೆ? ಬಾಗ್ಲು ತಗಿ. ಅಣ್ಣ ಬಂದವ್ನೆ" ಎಂದು ತಾತ ತಲೆ ಎತ್ತಿದರು. ಅತ್ತೆ ಅಗುಳಿಯ ಹತ್ತಿರ ಬಂದರು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

ಬಾವ ಜಗಲಿ ಹತ್ತಿದರು. "ಯಾಕವ್ವ ಬಾಗ್ಲು ಆಕಿದ್ದಿಯೆ? ಮಳೇಲಿ ನಿಂತಿವಿ."

ನಾನು ಬಾಗಿಲ ಕಡೆ ತಿರುಗಿದೆ. ಸೆರಗು ತಲೆಯ ಮೇಲೆ ಎಳೆದುಕೊಂಡೆ, ಯಾರಿಗೂ ಕಾಣದಿದ್ದರೂ. ಬಾವನ ಜೊತೆ ನಾನು ಯಾವಾಗಲೂ ಮಾತಾಡಿದ್ದು ಬಾಗಿಲ ಹಿಂದಿನಿಂದಲೇ ಅಲ್ಲವೇ. ಅವತ್ತು ಆ ಬಾಗಿಲಿಗೆ ಅಗುಳಿ ಬಿದ್ದಿತ್ತು, ಅಷ್ಟೇ. ಎದುರಿಗೆ ನಿಂತಿದ್ದರೆ ನನ್ನ ಬಾಯಿಂದ ಒಂದು ಅಕ್ಷರವೂ ಬರುತ್ತಿರಲಿಲ್ಲ.

"ತಗ್ಯಲ್ಲ ಬಾವ" ಎಂದೆ.

"ಏನಂದೆ?"

"ಇವರ ಬೆನ್ನಲ್ಲಿ ಹುಣ್ಣಾಗದ. ನಿಂಬೆಹಣ್ಣು ಇಡ್ಬೋದು, ಅಷ್ಟು ಗುಳಿ. ಇವತ್ತು ಕೂರ್ಸಿದ್ರೆ ಎಲುಬ್ಗ ಓಯ್ತದ. ಕಾಲು ಜಿಗಿಯಾದು ಆ ಹುಣ್ಣಿಗ ಬಾವ, ಜೀವ ಬಂದಲ್ಲ."

ಹೊರಗೆ ಯಾರೋ, ಎಣ್ಣೆಯವನು ಅಷ್ಟು ದೂರದಿಂದ ಬಂದಿದ್ದಾನೆ, ಹೆಂಗಸಿನ ಮಾತಿಗೆ ವಾಪಸ್ ಹೋಗುವುದಾ ಎಂದರು. ಬಾವ ಬಾಗಿಲನ್ನು ಅಂಗೈಯಲ್ಲಿ ಬಡಿದರು. ಆ ಪೆಟ್ಟು ನನ್ನ ಹಣೆಗೆ ತಾಗಿತು, ಅಷ್ಟು ಹತ್ತಿರ ನಿಂತಿದ್ದೆ.

"ನನ್ ತಮ್ಮನ್ನ ನೋಡಕ ನಿನ್ ಅಪ್ಪಣೆ ಬೇಕಾ?"

"ಇವತ್ತು ಬೇಕು ಬಾವ" ಎಂದೆ.

ಒಳಗೆ ತಾತ ನನ್ನನ್ನು ಬೈಯುತ್ತಿದ್ದರು. ಮಾನ ಕಳೆಯುತ್ತಿದ್ದೀಯೆ ಎಂದರು. ನಾನು ಗೋಡೆಯಿಂದ ಅವರ ಗಡ್ಡದ ಕನ್ನಡಿ ತೆಗೆದೆ, ರೇಖಾಳ ಕೈಯಿಂದ ಅವಳ ಕುಂಕುಮದ ಕನ್ನಡಿ ತರಿಸಿ ಅವಳನ್ನು ಅಡುಗೆಮನೆಗೆ ಕಳಿಸಿದೆ. ದೊಡ್ಡ ಕನ್ನಡಿಯನ್ನು ಅತ್ತೆಯ ಕೈಗೆ ಕೊಟ್ಟು, ಮಗನ ಸೊಂಟದ ಮೇಲೆ ಓರೆಯಾಗಿ ಹಿಡಿಯಿರಿ ಎಂದೆ. ಚಿಕ್ಕದನ್ನು ತಾತನ ಕೈಗೆ ಕೊಟ್ಟೆ. ಬಟ್ಟೆಯ ಪಟ್ಟಿ ಬಿಚ್ಚಿದೆ. ಹಿತ್ತಲ ಬಾಗಿಲಿನಿಂದ ಬೆಳಕು ಬೀಳುತ್ತಿತ್ತು. ಅತ್ತೆ ಆ ಗುಳಿಯನ್ನು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು. ಕನ್ನಡಿ ಕೆಳಗಿಳಿಸಿದರು. ಅವರ ಕೈ ಹಿಡಿದು ಮತ್ತೆ ಮೇಲಕ್ಕೆತ್ತಿದೆ. ತಾತ ಬೈಯುತ್ತಲೇ ಕೈಯ ಕನ್ನಡಿಯನ್ನು ಅತ್ತ ಇತ್ತ ಓಲಿಸಿದರು. ಒಂದು ಕಡೆ ಕೈ ನಿಂತಿತು. ಮಾತೂ ನಿಂತಿತು.

ತಾತ ತಮ್ಮದಲ್ಲದ ಯಾವುದನ್ನೋ ನೋಡುವವರ ಹಾಗೆ ನೋಡುತ್ತಿದ್ದರು. ಬಾವ ಮತ್ತೆ ಬಾಗಿಲು ಬಡಿದು, ತಮ್ಮನ ಹೆಸರು ಹಿಡಿದು ಕೂಗಿದರು. ತಾತ ಕನ್ನಡಿಯನ್ನು ದಿಂಬಿನ ಮೇಲೆ ಮಗುಚಿ ಇಟ್ಟರು.

"ಅಣ್ಣಾ" ಎಂದರು. "ಮಲ್ಗಿವ್ನಿ ಕಣಣ್ಣ. ಬೋರಲು ಮಲ್ಗಿವ್ನಿ. ಏಳಕಾಗಲ್ಲ. ಇಂಗೇ ಮಾತಾಡ್ತಿನಿ, ತಪ್ಪು ತಿಳ್ಕಬೇಡ."

ನಾನು ಅಗುಳಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ. ಬಾವನ ಉಸಿರು ಬಾಗಿಲ ಆಚೆ ಕೇಳುತ್ತಿತ್ತು. ಆಮೇಲೆ ಅವರ ಗಂಟಲು ಬಂತು, ನಾನು ಯಾವತ್ತೂ ಕೇಳದಷ್ಟು ಸಣ್ಣಗೆ.

"ಮಲ್ಗಪ್ಪ" ಎಂದರು. "ಮಲ್ಗು."

ಎಣ್ಣೆಯವನನ್ನು ಜೀಪಿನಲ್ಲಿ ವಾಪಸ್ ಕಳಿಸಿದರು. ತಾವು ಹೋಗಲಿಲ್ಲ. ಜಗಲಿಯಲ್ಲಿ ಟವಲು ಹಾಸಿಕೊಂಡು ಕುಳಿತರು. ಮಧ್ಯಾಹ್ನ ಚಾಮರಾಜನಗರದ ಬಸ್ಸು ಹಾರನ್ ಹೊಡೆದಾಗ ನಾನು ತಾತನನ್ನು ಬಲ ಮಗ್ಗುಲಿಗೆ ಹೊರಳಿಸಿ, ಆಮೇಲೆ ಬಾಗಿಲು ತೆಗೆದೆ. ಬಾವ ಒಳಗೆ ಬಂದು, ತಮ್ಮನ ಮುಖದ ನೇರಕ್ಕೆ ನೆಲದ ಮೇಲೆ ಕುಳಿತರು. ಯಜಮಾನರು ನೆಲದ ಮೇಲೆ ಕುಳಿತದ್ದನ್ನು ಅತ್ತೆ ನೋಡಲಾರದೆ ಒಳಗೆ ಹೋದರು.

ಆಮೇಲಿನದು ನಿಧಾನದ ಕೆಲಸ, ಆದರೆ ಭಯ ಹೋಗಲಿಲ್ಲ. ಜ್ವರ ಬಿಡುವುದು, ಮತ್ತೆ ಬರುವುದು. ಪಟ್ಟಿ ಬಿಚ್ಚುವ ಹೊತ್ತಿಗೆ ಮೊದಲು ವಾಸನೆ ಹೇಗಿದೆ ಎಂದು ನೋಡುತ್ತಿದ್ದೆ. ಕೆಟ್ಟ ವಾಸನೆ ಬಂದ ದಿನ ಲೀಲಾ ಸಿಸ್ಟರ್‌ಗೆ ಬೂತಿನಿಂದ ಫೋನು ಮಾಡುತ್ತಿದ್ದೆ. ಗುಂಡ್ಲುಪೇಟೆಯಲ್ಲಿ ಹಾಸಿಗೆ ಹೊಲಿಯುವ ರಹಮತ್ ಸಾಬರು ಇದ್ದರು, ತಾತನ ಹಳೆಯ ಪರಿಚಯ. ಅವರನ್ನು ಕರೆಸಿದೆವು. ಬೋರಲು ಮಲಗಿದರೆ ಮೊಣಕಾಲ ಚಿಪ್ಪು, ಕಾಲ್ಬೆರಳು ಒತ್ತುತ್ತವೆ, ಅಲ್ಲೂ ಹುಣ್ಣಾಗಬಹುದು ಎಂದು ನಾನು ಬಾಗಿಲ ಹಿಂದಿನಿಂದಲೇ ಅವರಿಗೆ ಹೇಳಿದೆ. ಅವರು ಹಾಸಿಗೆಯನ್ನು ಮೂರು ತುಂಡು ಮಾಡಿ ಬೂರುಗದ ಹತ್ತಿ ಹಿಂಜಿ ತುಂಬಿದರು: ಎದೆಗೊಂದು, ತೊಡೆಗೊಂದು, ಕಣಕಾಲಿಗೊಂದು. ಮೊಣಕಾಲಿನ ಹತ್ತಿರ ಸಂದು, ಬೆರಳುಗಳು ಅಂಚಿನಾಚೆ ಗಾಳಿಯಲ್ಲಿ. ಹತ್ತಿ ಗಂಟು ಕಟ್ಟಬಾರದೆಂದು ಬಿಸಿಲು ಬಂದಾಗಲೆಲ್ಲ ಒಣಗಿಸಿ ಬಡಿಯಬೇಕು ಎಂದರು. ಕೂಲಿ ಎಷ್ಟು ಎಂದು ನಾವು ಕೇಳಿದರೆ, ಬೋರಲು ಮಲಗೋ ಗಿರಾಕಿ ಸಿಕ್ಕಿದ್ದು ಇದೇ ಮೊದಲು ಎಂದು ನಕ್ಕು ಹೊರಟುಹೋದರು.

ಬಾವ ವಾರಕ್ಕೆ ಎರಡು ಸಲ ಬಂದು ಜಗಲಿಯಲ್ಲಿ ಕೂರುವರು. ನೋಡಲು ಬಂದವರನ್ನು ಅಲ್ಲೇ ತಡೆಯುವರು. ಒಳಗೆ ಪಟ್ಟಿ ಕಟ್ಟುತ್ತಿದ್ದ ನಮಗೆ ಎಲ್ಲ ಕೇಳುತ್ತಿತ್ತು. "ಅವ್ನು ಮಲ್ಗವ್ನೆ. ಈಗ ಮಲಗ್ವಾದೇ ಅವ್ನ ಕೆಲ್ಸ. ಏನ್ ತಂದಿದ್ದರಿ, ಬಾಳೆಹಣ್ಣಾ? ಅತ್ಲಾಗ ಇಡಿ. ಮುಂದ್ಲ ಸಲ ಮೊಟ್ಟೆ ತನ್ನಿ." ತಾತ ದಿಂಬಿಗೆ ಮುಖ ಒತ್ತಿಕೊಂಡು ನಗುವರು. ನಗುವಾಗ ಕಣ್ಣಲ್ಲಿ ನೀರೂ ಇರುತ್ತಿತ್ತು. ನಡೆಯುವ ಮಾತನ್ನು ಅವರು ಅಂದಿನಿಂದ ಎತ್ತಲಿಲ್ಲ. ಅತ್ತೆ ಮಡಚಿಟ್ಟಿದ್ದ ಪಂಚೆ ಪೆಟ್ಟಿಗೆಯೊಳಗೆ ಹೋಯಿತು.

ಸುತ್ತಲಿನ ಹೊಲಗಳಲ್ಲಿ ಚೆಂಡುಹೂವು ಬಂತು. ಕಿಟಕಿಯಿಂದ ಹಳದಿ ಕಾಣುತ್ತಿತ್ತು. ಎದೆಯ ಕೆಳಗೆ ದಿಂಬು ಕೊಟ್ಟರೆ ತಾತನ ಕೈ ಎರಡೂ ಮಂಚದಾಚೆ ಚಾಚುತ್ತಿದ್ದವು. ಕೆಳಗೆ ಮೊರ ಇಟ್ಟರೆ ಹುಣಸೆಹಣ್ಣಿನ ಬೀಜ ಬಿಡಿಸುವರು. ಗುಳಿಯ ತಳದಲ್ಲಿ ದಾಳಿಂಬೆಯ ಕಾಳಿನ ಹಾಗೆ ಕೆಂಪು ಮಾಂಸ ಬಂದಿದೆ, ಅದು ಒಳ್ಳೆಯದು ಎಂದು ಲೀಲಾ ಸಿಸ್ಟರ್ ಹೇಳಿದ ದಿನ ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಕಾಲುಗಳು ದಿನದಿನಕ್ಕೆ ಶಾಂತವಾದವು. ಒಂದು ಬೆಳಿಗ್ಗೆ ಅವು ಜಿಗಿಯಲೇ ಇಲ್ಲ. ಆ ಕಾಲು ಸುಮ್ಮನಿದ್ದುದಕ್ಕೆ ನಮ್ಮ ಅತ್ತೆ ದೇವರ ಮುಂದೆ ಕಾಯಿ ಒಡೆದರು. ಶ್ರಾವಣದಲ್ಲಿ ಮಗ ನಿಲ್ಲುತ್ತಾನೆಂದು ತೆಗೆದಿಟ್ಟಿದ್ದ ಕಾಯಿ ಕೊಳೆತಿತ್ತು, ಹೊಸದು ತರಿಸಿದ್ದರು.

ಹೂವಿನ ಕೊಯ್ಲು ಮುಗಿಯುವ ಹೊತ್ತಿಗೆ ಗಾಯ ಕೂಡಿಕೊಂಡಿತು. ಆಮೇಲೆ ಗಾಲಿ ಕುರ್ಚಿ ಬಂತು, ತಾತ ಜಗಲಿಯಲ್ಲಿ ಕೂತು ವ್ಯಾಪಾರ ಮಾಡಿದರು. ಬಸ್ಸಿನ ಹಾರನ್ ಕೇಳಿದಾಗಲೆಲ್ಲ ಮಾತಿನ ನಡುವೆಯೇ ಕುರ್ಚಿಯ ಎರಡು ಕೈ ಒತ್ತಿ ಮೈ ಮೇಲೆತ್ತುವರು. ಚರ್ಮಕ್ಕೆ ರಕ್ತ ಹರಿಯಲಿ ಎಂದು. ಗೊತ್ತಿಲ್ಲದ ಗಿರಾಕಿಗಳು ತಮಗೆ ಮರ್ಯಾದೆ ಕೊಡಲು ಎದ್ದರು ಎಂದುಕೊಳ್ಳುವರು. ದಿನವೂ ಎರಡು ಕನ್ನಡಿ ಹಿಡಿದು ತಮ್ಮ ಬೆನ್ನನ್ನು ತಾವೇ ನೋಡಿಕೊಳ್ಳುವುದನ್ನು ಕಡೆಯವರೆಗೂ ಬಿಡಲಿಲ್ಲ. ಸ್ಪಂದನಾ, ನಿನ್ನನ್ನು ಮೊದಲ ಸಲ ಮನೆಗೆ ತಂದಾಗ ಅವರ ತೊಡೆಯ ಮೇಲೆ ಮಲಗಿಸಿದೆವು. ಭಾರ ಗೊತ್ತಾಗುವುದಿಲ್ಲವೆಂದು ನಿನ್ನ ಬೆನ್ನ ಕೆಳಗೆ ಕೈ ಇಟ್ಟು ನೋಡಿ, ಆಮೇಲೆ ನಕ್ಕರು. ಚಿರಂತ್, ನೀನು ಹುಟ್ಟುವ ಹೊತ್ತಿಗೆ ಅವರು ಇರಲಿಲ್ಲ. ಎದೆಯ ಕಾಯಿಲೆಯಿಂದ ಹೋದರು. ಕಡೆಯ ಸ್ನಾನ ಮಾಡಿಸುವಾಗ ನಾನೇ ಅವರ ಬೆನ್ನು ನೋಡಿದೆ. ಹಳೆಯ ಕಲೆಯೊಂದು ಬಿಟ್ಟರೆ ಚರ್ಮ ಶುದ್ಧವಾಗಿತ್ತು.

ಬಸ್ಸಿನಲ್ಲಿ ನನ್ನ ಕೈಗಳು ಯಾಕೆ ಹಾಗೆ ಎದ್ದವು ಎಂದು ಈಗ ನಿಮಗೆ ಗೊತ್ತಾಯಿತು. ಈ ಹಾಳೆಗಳನ್ನು ನನ್ನ ಪೆಟ್ಟಿಗೆಯಲ್ಲಿ ಆ ಎರಡು ಕನ್ನಡಿಗಳ ನಡುವೆ ಇಡುತ್ತಿದ್ದೇನೆ. ನನ್ನ ಕಾಲವಾದ ಮೇಲೆ ಕನ್ನಡಿ ಯಾರಿಗಾದರೂ ಕೊಟ್ಟರೂ ಹಾಳೆ ಮಾತ್ರ ಜೋಪಾನವಾಗಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಯಾವ ಮನೆಯಲ್ಲಾದರೂ ಯಾರಾದರೂ ಬಿದ್ದು ಮಲಗಿದರೆ ಹೋಗಿ ಓದಿ ಹೇಳಿ. ಅಲ್ಲಿ ಒಬ್ಬಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಮಂಚದ ಕಡೆಗೇ ನೋಡುತ್ತಿರುತ್ತಾಳೆ. ಓದುವ ಮೊದಲು ಮುಂಬಾಗಿಲು ಹಾಕಿಕೊಳ್ಳಿ.